ಗಕಾರದ ಇಳಿ

ಧನಶ್ರೀ ನಮ್ಮ ಮನೆಗೆ ಬಂದಾಗ ಎರಡು ಕೈಗಳಿಗೂ ಗಡಿಯಾರ ಕಟ್ಟಿಕೊಂಡಿದ್ದಳು. ದಪ್ಪನೆಯ ಗಾಜು, ಅಗಲವಾದ ಕಪ್ಪು ರಬ್ಬರ್ ಪಟ್ಟಿ. ಅವಳ ಸಣ್ಣ ಮಣಿಕಟ್ಟುಗಳಿಗೆ ಅವು ಕೋಳ ತೊಡಿಸಿದ ಹಾಗೆ ಕಾಣುತ್ತಿದ್ದವು.

ಬಾಗಿಲ ಬಳಿ ಸೊಪ್ಪು ಬಿಡಿಸುತ್ತಾ ಕೂತಿದ್ದ ನನ್ನ ತಾಯಿ ಜಾನಕಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದೇನಮ್ಮಾಯಿ, ಎರಡು ಕೈಗೂ ವಾಚು? ಒಂದು ನಿಂದು, ಇನ್ನೊಂದು ನಿನ್ ಗಂಡಂದಾ?”

“ಗಂಡ ಇಲ್ಲ ಅಜ್ಜಿ. ಎರಡೂ ನಂದೇ. ಒಂದು ಹೇಳಿದ್ದನ್ನ ಇನ್ನೊಂದು ಒಪ್ಪಲ್ಲ.”

“ಹಂಗಾದ್ರೆ ಅವೇ ಗಂಡ ಹೆಂಡ್ತಿ ಬಿಡು,” ಎಂದು ಅಮ್ಮ ಸೊಪ್ಪಿಗೆ ಮರಳಿದರು.

ಅದು 2006ರ ಜುಲೈ. ನಾನು ಕೋಲಾರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಹನ್ನೆರಡು ವರ್ಷದ ಹಿಂದೆ ಶ್ರೀನಿವಾಸಪುರದಲ್ಲಿದ್ದಾಗ ಧನಶ್ರೀ ನನ್ನ ಹತ್ತನೇ ತರಗತಿಯ ವಿದ್ಯಾರ್ಥಿನಿ. ರಾಯಲ್ಪಾಡಿನ ಹುಡುಗಿ. ತಂದೆ ಆಂಜಿನಪ್ಪ ಬಾವಿ ತೋಡುವ ಕೆಲಸದವರು; ಅಪ್ಪ ತೋಡಿದ ಬಾವಿಗಳಲ್ಲೇ ಮಗಳು ಈಜು ಕಲಿತಿದ್ದಳು. ಮುಂದೆ ಯಾರೋ ಪರಿಚಯದವರ ಜೊತೆ ಅಂಡಮಾನಿಗೆ ಹೋಗಿ, ಸಮುದ್ರದೊಳಗೆ ಇಳಿಯುವುದನ್ನು ಕಲಿಸುವ ಸಣ್ಣ ಶಾಲೆಯೊಂದರಲ್ಲಿ ಅಡುಗೆಗೆ ಸೇರಿದ್ದಳಂತೆ. ಎರಡು ವರ್ಷದಲ್ಲಿ ಅಡುಗೆ ಬಿಟ್ಟು ತಾನೇ ಇಳಿಯತೊಡಗಿದಳು, ಆಮೇಲೆ ಬೇರೆಯವರಿಗೆ ಕಲಿಸತೊಡಗಿದಳು. ದೊಡ್ಡ ಅಲೆ ಬಂದು ಹೋದ ಮೇಲೆ ಶಾಲೆ ಮುಚ್ಚಿತು. ಊರಿಗೆ ಹೊರಟ ಅದರ ಯಜಮಾನ ಇವಳಿಗೆ ಗಾಳಿ ತುಂಬುವ ನಾಲ್ಕು ಸಿಲಿಂಡರು, ರಬ್ಬರಿನ ಉಡುಪು ಮತ್ತು ಈ ಎರಡು ಗಡಿಯಾರಗಳನ್ನು ಕೊಟ್ಟುಹೋದ.

“ಗಡಿಯಾರ ಅಲ್ಲ ಮೇಡಮ್, ಕಂಪ್ಯೂಟರು,” ಎಂದಳು. ಕಾಫಿ ಲೋಟವನ್ನು ಬದಿಗಿಟ್ಟು ಎರಡನ್ನೂ ಬಿಚ್ಚಿ ನನ್ನ ಮುಂದಿಟ್ಟಳು. “ನೀರಿನ ಕೆಳಗೆ ಎಷ್ಟು ಆಳದಲ್ಲಿದೀವಿ, ಎಷ್ಟು ಹೊತ್ತು ಆಯ್ತು, ಮೇಲೆ ಬರ್ತಾ ದಾರೀಲಿ ಎಷ್ಟು ನಿಮಿಷ ನಿಲ್ಲಬೇಕು, ಎಲ್ಲಾ ಲೆಕ್ಕ ಹಾಕಿ ಹೇಳುತ್ತೆ.”

“ದಾರೀಲಿ ಯಾಕೆ ನಿಲ್ಲಬೇಕು?”

ಅವಳಿಗೆ ಖುಷಿಯಾಯಿತು. ನಾನು ಒಂದು ಕಾಲದಲ್ಲಿ ಅವಳಿಗೆ ಪಾಠ ಮಾಡಿದ ಹಾಗೆ ನನಗೆ ಪಾಠ ಮಾಡಿದಳು. ಆಳದಲ್ಲಿ ಉಸಿರಾಡಿದಷ್ಟು ಹೊತ್ತೂ ಗಾಳಿಯಲ್ಲಿರುವ ಸಾರಜನಕ ಮೈಯೊಳಗೆ ಇಳಿಯುತ್ತಾ ಹೋಗುತ್ತದೆ, ನೀರಿಗೆ ಹಾಕಿದ ಕಾಳು ನೆನೆಯುವ ಹಾಗೆ. ಮೈಯ ಎಲ್ಲ ಭಾಗವೂ ಒಂದೇ ಸಮ ನೆನೆಯುವುದಿಲ್ಲ. ರಕ್ತ ಹೆಸರುಕಾಳಿನ ಹಾಗೆ, ಬೇಗ. ಕೊಬ್ಬು, ಕೀಲು ಕಡಲೆಯ ಹಾಗೆ, ನಿಧಾನ. ಮೇಲೆ ಬರುವಾಗ ಹೀರಿದ್ದೆಲ್ಲ ವಾಪಸು ಹೊರಬರಬೇಕು. ಸರ್ರನೆ ಬಂದುಬಿಟ್ಟರೆ ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಒಳಗೇ ಗುಳ್ಳೆ ಏಳುತ್ತದೆ. ಅದು ಕೀಲಿಗೆ ಹೋದರೆ ನೋವು, ಬೆನ್ನುಹುರಿಗೆ ಹೋದರೆ ಕೈಕಾಲು ಹೋದವು.

“ಈ ಹಳೇದು ಇದೆಯಲ್ಲ, ಇದು ಕಾಳು ಎಷ್ಟು ನೆಂದಿದೆ ಅಂತ ಮಾತ್ರ ಲೆಕ್ಕ ಹಾಕುತ್ತೆ. ಈ ಹೊಸದು, ಕಣ್ಣಿಗೆ ಕಾಣದ ಸಣ್ಣ ಗುಳ್ಳೆ ಆಗಲೇ ಎದ್ದಿರುತ್ತೆ ಅಂತ ಅದನ್ನೂ ಸೇರಿಸ್ಕೊಳ್ಳುತ್ತೆ. ದಿನದಲ್ಲಿ ಒಂದೇ ಸಲ ಇಳಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಹೇಳ್ತವೆ. ಮೂರನೇ ಸಲ ಇಳಿದಾಗ ಜಗಳ ಶುರು. ಹಳೇದು ‘ನೇರ ಬಾ’ ಅನ್ನುತ್ತೆ, ಹೊಸದು ‘ಒಂಬತ್ತು ನಿಮಿಷ ನಿಲ್ಲು’ ಅನ್ನುತ್ತೆ.”

“ಯಾವುದು ಸರಿ?”

“ಅದನ್ನೇ ಕೇಳೋಕೆ ಬಂದೆ ಮೇಡಮ್,” ಎಂದು ನಕ್ಕು, ಚೀಲದಿಂದ ಉದ್ದನೆಯ ನೋಟ್‌ಬುಕ್ಕೊಂದನ್ನು ತೆಗೆದಳು.

ಮಾಲೂರಿನ ಹತ್ತಿರ, ಶಿವಾರಪಟ್ಟಣದಿಂದ ಸ್ವಲ್ಪ ದೂರದಲ್ಲಿ, ನೀರು ನಿಂತ ಹಳೆಯ ಕಲ್ಲುಕ್ವಾರಿಯೊಂದಿದೆ. ಯಾರಿಗೋ ಕೆತ್ತಿಕೊಟ್ಟ ಕಲ್ಲಿನ ನಂದಿಯನ್ನು ಹೊತ್ತ ಲಾರಿ ಅದರ ಅಂಚಿನಲ್ಲಿ ಹಿಂದೆ ತೆಗೆಯುವಾಗ ನಂದಿ ಉರುಳಿ ನೀರಿಗೆ ಬಿದ್ದಿತ್ತು. ಅದನ್ನು ಎತ್ತುವ ಕೆಲಸ ಧನಶ್ರೀಗೆ ಸಿಕ್ಕಿತ್ತು. ಜೊತೆಗೆ ನಂದಿಯನ್ನು ಕೆತ್ತಿದ ಕದಿರೇಶನೇ ಇಳಿಯುವುದಾಗಿ ಹಟ ಹಿಡಿದು ಎರಡು ತಿಂಗಳು ಅವಳ ಹತ್ತಿರ ಕಲಿತಿದ್ದ. ಕಂಪ್ಯೂಟರು ಇರುವುದು ಎರಡು. ಹೊಸದನ್ನು ಇವಳು ಕಟ್ಟಿಕೊಂಡರೆ ಹಳೆಯದು ಅವನಿಗೆ. ನೀರಿನ ಕೆಳಗೆ ಎರಡೂ ಬೇರೆ ಬೇರೆ ಹೇಳಿದರೆ ಏನು ಮಾಡಬೇಕು ಎಂದು ಅವನಿಗೆ ತಿಳಿಯಬೇಕು. ಅದಕ್ಕಾಗಿ ಅವಳು ಒಂದು ಪಟ್ಟಿ ಮಾಡಿದ್ದಳು. ಇಷ್ಟು ಆಳ, ಇಷ್ಟು ಹೊತ್ತು, ಎಷ್ಟನೇ ಇಳಿತ. ಹಳೆಯದು ಏನನ್ನುತ್ತದೆ, ಹೊಸದು ಏನನ್ನುತ್ತದೆ. ಕೊನೆಯಲ್ಲಿ, ಮಾಡಬೇಕಾದ್ದು ಏನು. ಪಟ್ಟಿಯ ಹಿಂದೆ ಹದಿನಾಲ್ಕು ಪುಟ ಲೆಕ್ಕ.

“ನಮ್ಮ ಊರು ಸಮುದ್ರಕ್ಕಿಂತ ಎತ್ತರದಲ್ಲಿದೆ, ಗಾಳಿ ತೆಳು. ಅದನ್ನೂ ಸೇರಿಸಿದೀನಿ. ಲೆಕ್ಕ ಒಂದ್ಸಲ ನೋಡಿ ಮೇಡಮ್. ಇಲ್ಲಿ ಇನ್ಯಾರನ್ನ ಕೇಳಲಿ? ಭಾಷೆ ಹೆಂಗಿದ್ರೂ ಪರವಾಗಿಲ್ಲ, ಅಂಕಿ ತಪ್ಪಬಾರದು, ಅಷ್ಟೇ.”

“ಬುಧವಾರ ಬಾ. ನೋಡಿರ್ತೀನಿ,” ಎಂದೆ.

ಮಾರನೆಯ ದಿನ ಶಾಲೆಯಿಂದ ಬಂದು ನೋಟ್‌ಬುಕ್ ತೆರೆದೆ. ಮೊದಲ ಪುಟ ಅರ್ಥವಾಯಿತು. ಒಂದು ಕಾಳು ಅರ್ಧ ನೆನೆಯಲು ಐದು ನಿಮಿಷ ಬೇಕು ಎಂದಿಟ್ಟುಕೊಂಡರೆ, ಮುಂದಿನ ಐದು ನಿಮಿಷದಲ್ಲಿ ಪೂರ್ತಿ ನೆನೆಯುವುದಿಲ್ಲ, ಉಳಿದಿದ್ದರಲ್ಲಿ ಅರ್ಧ ಮಾತ್ರ ನೆನೆಯುತ್ತದೆ. ಆಮೇಲೆ ಅದರ ಉಳಿಕೆಯಲ್ಲಿ ಅರ್ಧ. ಅಲ್ಲಿಯವರೆಗೆ ಸರಿ. ಎರಡನೇ ಪುಟದಲ್ಲಿ ಅಂಥ ಎಂಟು ಕಾಳುಗಳು ಎಂಟು ವೇಗದಲ್ಲಿ ಏಕಕಾಲಕ್ಕೆ ನೆನೆಯತೊಡಗಿದವು. ಮೂರನೇ ಪುಟದಲ್ಲಿ ಗುಳ್ಳೆಗಳು ಬಂದವು. ನಾಲ್ಕನೇ ಪುಟದಲ್ಲಿ ನಾನು ನಿಂತುಬಿಟ್ಟೆ. ಡಿಗ್ರಿ ಮುಗಿಸಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಂಥ ಗಣಿತವನ್ನು ಅಂದಿನಿಂದ ಮುಟ್ಟಿರಲಿಲ್ಲ. ಎರಡು ಸಲ ಹಿಂದಕ್ಕೆ ಹೋಗಿ ಬಂದೆ. ಮೂರನೇ ಸಲ ಸುಮ್ಮನೆ ಪುಟ ತಿರುವಿದೆ.

‘ನನಗೆ ಗೊತ್ತಾಗಲಿಲ್ಲ ಕಣೇ’ ಎಂದು ಹೇಳಬಹುದಿತ್ತು. ಮೂರೇ ಮಾತು. ಬಾವಿ ತೋಡುವವರ ಮಗಳು, ನನ್ನ ಕೈಯಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು, ತಾನೇ ಕಲಿತು ಬರೆದ ಲೆಕ್ಕ ನನಗೆ ತಿಳಿಯಲಿಲ್ಲ ಎನ್ನುವುದು ಆ ಸಂಜೆ ನನ್ನ ಬಾಯಲ್ಲಿ ಬರುವಂಥದ್ದಾಗಿರಲಿಲ್ಲ.

ಆದರೆ ಏನಾದರೂ ನೋಡಿದ್ದೇನೆ ಎಂದು ತೋರಬೇಕಲ್ಲ. ಕೆಂಪು ಪೆನ್ನು ತೆಗೆದುಕೊಂಡು ಭಾಷೆ ತಿದ್ದತೊಡಗಿದೆ. ‘ಆಳ’ ಎನ್ನುವ ಕಡೆ ‘ಲೋತು’ ಎಂದು ಬರೆದಿದ್ದಳು, ತಿದ್ದಿದೆ. ರಾಯಲ್ಪಾಡಿನ ಕಡೆ ಮನೆಯ ಮಾತು ತೆಲುಗು. ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರ. ಆ ಅಕ್ಷರದಲ್ಲಿ ಆ ಮಾತನ್ನೇ ಬರೆದುಬಿಡುತ್ತಾರೆ. ಪಟ್ಟಿಯ ಕೊನೆಯ ಕಾಲಮ್ಮಿನಲ್ಲಿ ಎರಡೇ ಪದ ಮತ್ತೆ ಮತ್ತೆ ಬಂದಿದ್ದವು. ಕೆಲವು ಸಾಲಿನಲ್ಲಿ ‘ಪೋವಚ್ಚು’. ಅದನ್ನು ಹೊಡೆದು ‘ಹೋಗಬಹುದು’ ಎಂದು ಬರೆದೆ. ಉಳಿದ ಸಾಲುಗಳಲ್ಲಿ ‘ಆಗಾಲಿ’. ಅದರ ನಡುವಿನ ‘ಗಾ’ವನ್ನು ದೀರ್ಘ ಮಾಡುವ ಇಳಿಯನ್ನು ಗೀಟು ಎಳೆದು ಹೊಡೆದೆ. ‘ಆಗಲಿ’ ಆಯಿತು. ಇಪ್ಪತ್ತೊಂದು ಸಾಲಿನಲ್ಲಿ ಇಪ್ಪತ್ತೊಂದು ಗೀಟು. ಕೊನೆಗೆ ಪುಟದ ಕೆಳಗೆ, ಕಾಪಿ ಪುಸ್ತಕಕ್ಕೆ ಹಾಕುವ ಹಾಗೆ, ‘ನೋಡಿದೆ’ ಎಂದು ಬರೆದು ಸಹಿ ಹಾಕಿದೆ.

ಆ ಪದ ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಹುಟ್ಟಿದ್ದು ಮುಳಬಾಗಿಲಿನಲ್ಲಿ. ನಮ್ಮಲ್ಲಿ ಅಡುಗೆಮನೆಯ ಮಾತು ತೆಲುಗು, ಜಗಲಿಯ ಮಾತು ಕನ್ನಡ. ಅಪ್ಪ ಜಗಲಿಯಲ್ಲಿ ಜಮಾಬಂದಿಗೆ ಬಂದ ಅಧಿಕಾರಿಗಳ ಜೊತೆ ಮಾತಾಡುತ್ತಿದ್ದರೆ ಅಮ್ಮ ಒಳಗಿನಿಂದ ತೆಲುಗಿನಲ್ಲಿ ಕೂಗಬಾರದು. ಮದುವೆಯಾಗಿ ಬೆಂಗಳೂರಿಗೆ ಹೋದ ಹೊಸತರಲ್ಲಿ ಒಂದು ದಿನ ಊಟಕ್ಕೆ ಕೂತಾಗ ನನ್ನ ನಾದಿನಿ ನಾನು ಹೇಳಿದ ವಾಕ್ಯವನ್ನು ಹಾಗೇ ರಾಗ ಎಳೆದು ಹೇಳಿ ತೋರಿಸಿದಳು. ಎಲ್ಲರೂ ನಕ್ಕರು, ಗಂಡ ಮುಕುಂದನೂ. ನಾನೂ ನಕ್ಕೆ. ಅಂದಿನಿಂದ ಒಂದೊಂದೇ ಪದವನ್ನು, ಒಂದೊಂದೇ ರಾಗವನ್ನು ಬಾಯಿಂದ ಉಜ್ಜಿ ತೆಗೆದೆ. ಮತ್ತೆ ಕೋಲಾರ ಜಿಲ್ಲೆಗೇ ಕೆಲಸಕ್ಕೆ ಬಂದಾಗ, ಮಕ್ಕಳ ಬಾಯಲ್ಲಿ ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು.

ಧನಶ್ರೀಯ ‘ಆಗಾಲಿ’ಯನ್ನು ನಾನು ತಿದ್ದಿದ್ದು ಅದೇ ಮೊದಲಲ್ಲ. ಹತ್ತನೇ ತರಗತಿಯಲ್ಲಿ ಪ್ರಯೋಗದ ಪುಸ್ತಕದಲ್ಲಿ ಅವಳು ‘ನೀರು ಕುದಿದ ಮೇಲೆ ಎರಡು ನಿಮಿಷ ಆಗಾಲಿ’ ಎಂದು ಬರೆದಿದ್ದಳು. ನಾನು ಪುಸ್ತಕ ಎತ್ತಿ ಹಿಡಿದು ಓದಿದ್ದೆ.

“ಆಗಾಲಿ! ಯಾವ ಗಾಳಿನೇ ಇದು? ಆ ಗಾಳಿನೋ, ಈ ಗಾಳಿನೋ?”

ತರಗತಿಯೆಲ್ಲ ನಕ್ಕಿತು. ನಕ್ಕವರಲ್ಲಿ ಮುಕ್ಕಾಲು ಪಾಲು ಮಕ್ಕಳ ಮನೆಯಲ್ಲಿ ಅದೇ ಮಾತು. ಅಂದಿನಿಂದ ಅವಳ ಹೆಸರು ‘ಗಾಳಿ’. ಶಾಲೆ ಬಿಡುವವರೆಗೂ ಅವಳು ನನ್ನ ಮುಂದೆ ಬಾಯಿ ತೆರೆಯುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದಳು. ಅದು ನನಗೆ ಕಾಣುತ್ತಿತ್ತು; ಭಾಷೆ ಸುಧಾರಿಸುತ್ತಿದೆ ಎಂದುಕೊಳ್ಳುತ್ತಿದ್ದೆ.

ಬುಧವಾರ ಬಂದಳು. ಕೆಂಪು ಗೀಟುಗಳನ್ನು ನೋಡಿ ಸ್ವಲ್ಪ ಕೆಂಪಾದಳು. “ಇನ್ನೂ ಹೋಗಿಲ್ಲ ನೋಡಿ ಮೇಡಮ್, ರಾಯಲ್ಪಾಡು,” ಎಂದಳು. ಆಮೇಲೆ, “ಲೆಕ್ಕ?”

“ಸರಿಯಾಗಿದೆ.”

“ಎಲ್ಲಾ?”

“ನೋಡಿದೀನಲ್ಲ, ಸಹಿ ಹಾಕಿಲ್ವಾ?”

ಅವಳು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು. ಶುಕ್ರವಾರ ಮತ್ತೆ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರ ಅಚ್ಚು ಹಾಕಿಸಿ ಪ್ಲಾಸ್ಟಿಕ್ ಹಾಳೆಯೊಳಗೆ ಬೆಸೆಸಿದ ಕಾರ್ಡೊಂದನ್ನು ನನಗೂ ಕೊಟ್ಟುಹೋದಳು. ಅಂಗಡಿಯವನು ನನ್ನ ಕೆಂಪು ಗುರುತುಗಳನ್ನು ಚಾಚೂ ತಪ್ಪದೆ ಪಾಲಿಸಿದ್ದ. ನಾನು ಅದನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿದೆ. ನೋಡಿದಾಗ ಹೆಮ್ಮೆಯಾಯಿತು. ಈಗ ಅದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತದೆ.

ಶನಿವಾರ ಅರ್ಧ ದಿನ ಶಾಲೆ. ಮಧ್ಯಾಹ್ನ ಅಮ್ಮನಿಗೆ ಬಡಿಸುತ್ತಿದ್ದೆ. ಅನ್ನಕ್ಕೆ ಮಜ್ಜಿಗೆ ಹಾಕುವಾಗ ನನ್ನ ಗಮನ ಎಲ್ಲೋ ಇತ್ತು.

“ಆಗವೇ! ಆಗು, ಆಗು!” ಎಂದು ಅಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. “ನಿಲ್ಲಿಸೇ ಅಂದ್ರೆ ಸುರೀತಾನೇ ಇದೀಯಲ್ಲ. ಕಿವಿ ಹೋಯ್ತಾ?”

ಮಜ್ಜಿಗೆ ತಟ್ಟೆಯ ಅಂಚು ದಾಟಿ ನೆಲಕ್ಕೆ ಇಳಿಯಿತು. ನಾನು ಸೌಟು ಹಿಡಿದು ಹಾಗೇ ಕೂತೆ. ತೆಲುಗಿನ ‘ಆಗು’ ಎಂದರೆ ನಿಲ್ಲು. ‘ಆಗಾಲಿ’ ಎಂದರೆ ನಿಲ್ಲಲೇಬೇಕು. ಕನ್ನಡದ ‘ಆಗಲಿ’ ಎಂದರೆ ಸರಿ, ಹಾಗೇ ಮಾಡು, ಅಡ್ಡಿಯಿಲ್ಲ.

ಎದ್ದು ಹೋಗಿ ಕನ್ನಡಿಯಿಂದ ಕಾರ್ಡು ತೆಗೆದೆ. ಹದಿನೇಳನೇ ಸಾಲು: ದಿನದ ಮೂರನೇ ಇಳಿತ, ಇಪ್ಪತ್ತನಾಲ್ಕು ಮೀಟರ್, ಹದಿನೆಂಟು ನಿಮಿಷ. ಹಳೆಯದು, ಸೊನ್ನೆ. ಹೊಸದು, ಒಂಬತ್ತು. ಮಾಡಬೇಕಾದ್ದು, ಆಗಲಿ. ಹಳೆಯ ಕಂಪ್ಯೂಟರನ್ನು ಕಟ್ಟಿಕೊಂಡವನು ಇದನ್ನು ಓದಿದರೆ ಏನು ತಿಳಿಯುತ್ತಾನೆ? ಸೊನ್ನೆ ಎಂದಿದೆ, ಆಗಲಿ, ಬಾ. ಎಲ್ಲೆಲ್ಲಿ ಅವಳು ನಿಲ್ಲು ಎಂದು ಬರೆದಿದ್ದಳೋ ಅಲ್ಲೆಲ್ಲ ನಾನು ಹೋಗು ಎಂದು ಮಾಡಿದ್ದೆ. ಕದಿರೇಶನ ಮನೆಯ ಮಾತು ಕನ್ನಡ, ಆದರೆ ಕಲ್ಲು ಕೆಲಸದಲ್ಲಿ ಜೊತೆಗಿರುವವರಲ್ಲಿ ಅರ್ಧ ಜನ ತೆಲುಗಿನವರು. ಇಳಿ ಇದ್ದಿದ್ದರೆ ಅವನಿಗೆ ಅರ್ಥವಾಗುತ್ತಿತ್ತು.

ಧನಶ್ರೀಯ ಮೊಬೈಲಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿಕೊಂಡಳು.

“ಹೇಳಿ ಮೇಡಮ್! ಮಾಲೂರಲ್ಲಿದೀನಿ, ಸರಪಳಿ ತಗೋತಿದೀವಿ. ನಾಳೆ ನಂದೀನ ಎಬ್ಬಿಸಿಬಿಡ್ತೀವಿ.”

ಹಿಂದೆ ಯಾರೋ ಗಂಡಸು, ಬಹುಶಃ ಕದಿರೇಶ, “ಟೀಚರಾ? ನನ್ನ ನಮಸ್ಕಾರ ಹೇಳಕ್ಕಾ,” ಎಂದು ಕೂಗಿದ್ದು ಕೇಳಿಸಿತು.

“ಏನಿಲ್ಲ ಕಣೇ,” ಎಂದೆ. “ಕಾರ್ಡು… ಚೆನ್ನಾಗಿ ಬಂದಿದೆ.”

“ನಿಮ್ಮಿಂದ್ಲೇ ಮೇಡಮ್.”

“ನೀನು ಒಂದ್ಸಲ ಓದ್ಕೋ. ಎಲ್ಲಾ ಸಾಲೂ.”

“ನೀವು ನೋಡಿದೀರಲ್ಲ.”

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೇಳಿದರೆ ಯಾಕೆ ಹಾಗೆ ತಿದ್ದಿದಿರಿ ಎಂದು ಕೇಳುತ್ತಾಳೆ. ಲೆಕ್ಕ ನೋಡಿದಿರಾ ಎಂದು ಕೇಳುತ್ತಾಳೆ. ತೆಲುಗು ಬರುತ್ತದಾ ನಿಮಗೆ ಎಂದು ಕೇಳುತ್ತಾಳೆ. ಅವಳೇ ಮಾಡಿದ ಪಟ್ಟಿ, ಅವಳಿಗೆ ಬಾಯಿಪಾಠ, ನೋಡಿಯೇ ಇರುತ್ತಾಳೆ, ಎಂದು ನನಗೆ ನಾನೇ ಹೇಳಿಕೊಂಡೆ.

“ಹ್ಞೂಂ, ನೋಡಿದೀನಿ,” ಎಂದೆ. “ಹುಷಾರು.”

ಅಮ್ಮ ನೆಲ ಒರೆಸಿಕೊಂಡು ಊಟ ಮುಗಿಸಿದ್ದರು.

ಮಂಗಳವಾರ ಫೋನ್ ಬಂತು. ಧನಶ್ರೀ ಬೆಂಗಳೂರಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಭಾನುವಾರ ಮೂರು ಸಲ ಇಳಿದಿದ್ದರು. ಮೊದಲೆರಡು ಸಲ ಇಬ್ಬರೂ ಒಟ್ಟಿಗೆ ಮೇಲೆ ಬಂದಿದ್ದರು, ಅವಳು ನಿಂತ ಕಡೆ ಅವನೂ ನಿಂತಿದ್ದ. ಮೂರನೇ ಸಲ ಅವಳಿಗೆ ನಂದಿಯ ಕೊರಳಿಗೆ ಸರಪಳಿ ಬಿಗಿಯುವುದು ಇನ್ನೂ ಸ್ವಲ್ಪ ಉಳಿದಿತ್ತು. ಕಾರ್ಡು ತೋರಿಸಿ, ನೀನು ಹೊರಡು ಎಂದು ಸನ್ನೆ ಮಾಡಿದಳು. ಕಾಲು ಗಂಟೆಯ ಮೇಲೆ ಇವಳು ತನ್ನ ಕಂಪ್ಯೂಟರು ಹೇಳಿದಷ್ಟು ಅಲ್ಲಲ್ಲಿ ನಿಂತು ಮೇಲೆ ಬಂದಾಗ ಕದಿರೇಶ ಬಂಡೆಯ ಮೇಲೆ ಕೂತು ಎಡಭುಜ ಉಜ್ಜಿಕೊಳ್ಳುತ್ತಿದ್ದ. ಸಂಜೆಯ ಹೊತ್ತಿಗೆ ಕೈ ಮೇಲೆತ್ತಲಾಗಲಿಲ್ಲ. ಆಮ್ಲಜನಕ ಕೊಟ್ಟುಕೊಂಡು ಕರೆದೊಯ್ದಿದ್ದರು. ಎರಡು ದಿನ ಗಾಳಿಯ ಒತ್ತಡ ಏರಿಸಿದ ಕೋಣೆಯಲ್ಲಿಟ್ಟ ಮೇಲೆ ನೋವು ಹೋಗಿತ್ತು. ಎಡಗೈಯ ಎರಡು ಬೆರಳು ಮಾತ್ರ ಇನ್ನೂ ಜೋಮು. ಉಳಿ ಹಿಡಿಯುವ ಕೈ ಅದು. ನಿಧಾನಕ್ಕೆ ಬರಬಹುದು ಎಂದಿದ್ದರು ಡಾಕ್ಟರು. ಬರುತ್ತದೆ ಎಂದಿರಲಿಲ್ಲ.

“‘ಕಾರ್ಡಲ್ಲಿ ಇದ್ದಂಗೇ ಮಾಡ್ದೆ ಅಕ್ಕ’ ಅಂತಾನೆ ಮೇಡಮ್. ಒಂಬತ್ತು ನಿಮಿಷ ನಿಂತೂ ಹಿಂಗಾಗಿದೆ ಅಂದ್ರೆ, ಒಂಬತ್ತು ಅನ್ನೋದೇ ತಪ್ಪು. ನನ್ ಲೆಕ್ಕ ತಪ್ಪು. ಲೆಕ್ಕ ನೋಡಿದ್ರಲ್ಲ ಮೇಡಮ್ ನೀವು? ಎಲ್ಲಾದ್ರೂ ಅನುಮಾನ ಬಂದಿತ್ತಾ?”

“ಭಾನುವಾರ ನಿಮ್ಮೂರಿಗೆ ಬರ್ತೀನಿ,” ಎಂದಷ್ಟೇ ಹೇಳಿದೆ. ಅಷ್ಟು ಹೇಳಿ ಫೋನ್ ಇಟ್ಟದ್ದೂ ಒಂದು ತಪ್ಪಿಸಿಕೊಳ್ಳುವಿಕೆಯೇ. ಐದು ದಿನ ಅವಳು ಆ ಹದಿನಾಲ್ಕು ಪುಟಗಳಲ್ಲಿ ಇಲ್ಲದ ತಪ್ಪನ್ನು ಹುಡುಕಿದಳು. ನಾನು ಐದು ದಿನ ಶಾಲೆಯಲ್ಲಿ ಮಕ್ಕಳ ಪುಸ್ತಕ ತಿದ್ದಲಿಲ್ಲ. ಕೆಂಪು ಪೆನ್ನು ಕೈಗೆ ಬಂದರೆ ಕೆಳಗಿಡುತ್ತಿದ್ದೆ. ಅದರಿಂದ ಯಾರಿಗೆ ಏನು ಉಪಯೋಗವಾಯಿತು?

ಭಾನುವಾರ ಬೆಳಿಗ್ಗೆ ಶ್ರೀನಿವಾಸಪುರಕ್ಕೆ ಹೋಗಿ ಅಲ್ಲಿಂದ ರಾಯಲ್ಪಾಡಿನ ಬಸ್ಸು ಹಿಡಿದೆ. ಮಾವಿನಕಾಯಿಯ ಕಾಲ ಮುಗಿಯುತ್ತಾ ಬಂದಿತ್ತು. ಪಕ್ಕದಲ್ಲಿ ಕೂತ ಹೆಂಗಸು ತೆಲುಗಿನಲ್ಲಿ ಯಾರ ಮನೆಗೆ ಎಂದು ಕೇಳಿದಳು. ಅಭ್ಯಾಸಬಲದಿಂದ ಕನ್ನಡದಲ್ಲಿ ಉತ್ತರ ಕೊಟ್ಟೆ. ಅವಳು ಮುಖ ತಿರುಗಿಸಿಕೊಂಡು ಕಿಟಕಿಯ ಕಡೆ ನೋಡಿದಳು.

ಧನಶ್ರೀಯ ತಾಯಿ ಕದಿರಮ್ಮ ಅಂಗಳದಲ್ಲಿ ಟೊಮೆಟೊ ಹೆಚ್ಚಿ ಒಣಹಾಕುತ್ತಿದ್ದರು. ಕೈ ಒರೆಸಿಕೊಂಡು ಎದ್ದು, “ರಾಮ್ಮಾ, ಟೀಚರಮ್ಮಾ,” ಎಂದವರು, ಕೂಡಲೇ ತಿದ್ದಿಕೊಂಡು, “ಬನ್ನಿ, ಬನ್ನಿ,” ಎಂದರು. ಆ ತಿದ್ದಿಕೊಂಡದ್ದು ನನಗೆ ಚುಚ್ಚಿತು. ಆ ಮನೆಯಲ್ಲಿ ನನ್ನ ಬಗ್ಗೆ ಏನು ಮಾತು ಇರಬಹುದು ಎಂದು ಗೊತ್ತಾಯಿತು.

ಒಳಗೆ ಧನಶ್ರೀ ಚಾಪೆಯ ಮೇಲೆ ಕೂತಿದ್ದಳು. ಮುಂದೆ ನೋಟ್‌ಬುಕ್ಕು, ಎರಡು ಕಂಪ್ಯೂಟರು, ಉಳಿದ ಕಾರ್ಡುಗಳ ಕಟ್ಟು. ಕಣ್ಣು ಗುಳಿಬಿದ್ದಿದ್ದವು.

“ಇವತ್ತಿಗೆ ನಾಲ್ಕನೇ ಸಲ ಲೆಕ್ಕ ಮಾಡ್ತಿದೀನಿ,” ಎಂದಳು. “ಪ್ರತಿ ಸಲಾನೂ ಒಂಬತ್ತೇ ಬರುತ್ತೆ. ಎಲ್ಲಿ ತಪ್ಪಿದೆ ಅಂತಾನೂ ಗೊತ್ತಾಗದಷ್ಟು ದಡ್ಡಿ ನಾನು. ಬೆಂಗಳೂರಲ್ಲಿ ಒಬ್ಬರು ಸಿಲಿಂಡರ್ ಕೇಳ್ತಿದಾರೆ, ಎಲ್ಲಾ ಕೊಟ್ಟುಬಿಡ್ತೀನಿ. ಇನ್ನೊಬ್ಬರ ಮೈಯಿ ಇದು ಮೇಡಮ್. ಇನ್ನು ನೀರಿಗೆ ಇಳಿಯಲ್ಲ.”

“ಕಲ್ಲಂಗಡಿ ಮಾರಿದ್ರೂ ಬದುಕಬೋದು ಅಂತ ನಾನೂ ಹೇಳಿದೀನಿ,” ಎಂದರು ಬಾಗಿಲಲ್ಲಿ ನಿಂತ ಕದಿರಮ್ಮ. ಅವರು ನಗಿಸಲು ನೋಡಿದ್ದು. ಯಾರೂ ನಗಲಿಲ್ಲ.

ಬಸ್ಸಿನಲ್ಲಿ ಇಡೀ ದಾರಿ ಕನ್ನಡದಲ್ಲಿ ಜೋಡಿಸಿಕೊಂಡು ಬಂದಿದ್ದೆ. ಎಲ್ಲಿ ನಿಲ್ಲಬೇಕು, ಎಲ್ಲಿ ‘ಗಡಿಬಿಡಿಯಲ್ಲಿ’ ಎನ್ನಬೇಕು, ಎಲ್ಲಿ ‘ಅಂಗಡಿಯವನು’ ಎನ್ನಬೇಕು. ಆ ಕನ್ನಡ ತುಂಬ ಚೆನ್ನಾಗಿತ್ತು. ಅದರಲ್ಲಿ ನನ್ನ ತಪ್ಪು ಎಲ್ಲೂ ಇರಲಿಲ್ಲ.

“ತಪ್ಪು ನಾದಿ,” ಎಂದೆ.

ತಪ್ಪು ನನ್ನದು. ಇಪ್ಪತ್ತು ವರ್ಷದಿಂದ ಹೊರಗಿನವರ ಮುಂದೆ ಆಡದ ಮಾತು. ನನ್ನ ದನಿ ನನಗೇ ಅಮ್ಮನ ದನಿಯ ಹಾಗೆ ಕೇಳಿಸಿತು. ಧನಶ್ರೀ ತಲೆಯೆತ್ತಿದಳು. ಕಾರ್ಡಿನ ಕಟ್ಟನ್ನು ಎಳೆದುಕೊಂಡು ಹದಿನೇಳನೇ ಸಾಲಿನ ಮೇಲೆ ಬೆರಳಿಟ್ಟೆ.

“ಇದನ್ನ ಓದು. ನೀನು ಬರೆದದ್ದಲ್ಲ, ಇಲ್ಲಿರೋದನ್ನ ಓದು.”

“ಆಗಾ…” ಎಂದವಳು ನಿಂತಳು. ಕಾರ್ಡನ್ನು ಬೆಳಕಿಗೆ ಹಿಡಿದಳು. ತುಟಿ ಅಲುಗಿದವು. ಅಷ್ಟು ದಿನವೂ ಅವಳು ಅಂಕಿಗಳನ್ನು ನೋಡಿದ್ದಳೇ ಹೊರತು ಆ ಪದವನ್ನು ನೋಡಿರಲಿಲ್ಲ. ನೋಡಿದಾಗಲೂ ಅಲ್ಲಿ ತಾನು ಬರೆದದ್ದನ್ನೇ ಓದಿದ್ದಳು.

“ಆಗಲಿ,” ಎಂದಳು.

“ಅವನು ನಿಂತಿಲ್ಲ ಧನಶ್ರೀ. ನೇರ ಬಂದಿದಾನೆ. ಕಾರ್ಡಲ್ಲಿ ಹಾಗೇ ಇದೆ. ನಾನು ಇಳಿ ಹೊಡೆದುಹಾಕಿದೆ. ಶನಿವಾರ ಫೋನ್ ಮಾಡಿದಾಗ ನನಗೆ ಗೊತ್ತಿತ್ತು, ಹೇಳಲಿಲ್ಲ. ಲೆಕ್ಕಾನೂ ನೋಡಿರಲಿಲ್ಲ. ನಾಲ್ಕನೇ ಪುಟದಿಂದ ನನಗೆ ಅರ್ಥ ಆಗಲಿಲ್ಲ.”

ಕದಿರಮ್ಮ ಬಾಗಿಲಿನಿಂದ ಸರಿದು ಅಂಗಳಕ್ಕೆ ಹೋದರು. ಧನಶ್ರೀ ಕಾರ್ಡಿನ ಸಾಲುಗಳನ್ನು ಒಂದೊಂದಾಗಿ ಓದಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

“ನಿಮಗೆ ತೆಲುಗು ಬರುತ್ತಾ?” ಎಂದು ಕೊನೆಗೆ ಕೇಳಿದಳು.

“ಬರುತ್ತೆ.”

“ಅವತ್ತು ಕ್ಲಾಸಲ್ಲಿ? ‘ಆ ಗಾಳಿನೋ ಈ ಗಾಳಿನೋ’ ಅಂದಾಗ?”

“ಬರ್ತಿತ್ತು.”

ಅವಳು ಕಾರ್ಡನ್ನು ಕೆಳಗಿಟ್ಟಳು. ಮುಖ ಅತ್ತ ತಿರುಗಿಸಿ ಸೆರಗಿಲ್ಲದ ಚೂಡಿದಾರದ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು. ತಿರುಗಿ ನೋಡಿದಾಗ ಅವಳ ಕಣ್ಣಲ್ಲಿ ನನಗೆ ಹಿಂದೆ ಇದ್ದ ಜಾಗ ಇರಲಿಲ್ಲ. ಅದು ಮತ್ತೆ ಬರುತ್ತದೆಂದು ನಾನು ಈಗಲೂ ಅಂದುಕೊಂಡಿಲ್ಲ.

“ಕದಿರೇಶಂಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ.”

“ನಾಳೆ ರಜೆ ಹಾಕಿದೀನಿ. ಶಿವಾರಪಟ್ಟಣಕ್ಕೆ ಹೋಗ್ತೀನಿ.”

“ಅವನ ಅಮ್ಮ ಬೈತಾರೆ.”

“ಬೈಲಿ.”

ಅವಳು ಕಾರ್ಡಿನ ಕಟ್ಟನ್ನೂ ಕಪ್ಪು ಮಾರ್ಕರ್ ಪೆನ್ನನ್ನೂ ನನ್ನ ಕಡೆ ತಳ್ಳಿದಳು. ಐದು ಕಾರ್ಡು, ಒಂದೊಂದರಲ್ಲಿ ಅಂಥ ಇಪ್ಪತ್ತೊಂದು ಸಾಲು. ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಜಾರುತ್ತಿತ್ತು. ಪ್ರತಿ ಗಕಾರಕ್ಕೂ ಒಂದೊಂದು ಇಳಿ ಕೊಟ್ಟೆ. ಕದಿರಮ್ಮ ಬಂದು ಒಂದು ಲೋಟ ಕಾಫಿ ನನ್ನ ಪಕ್ಕದಲ್ಲಿಟ್ಟು ಹೋದರು. ಮುಗಿಯುವವರೆಗೂ ಧನಶ್ರೀ ನೋಡುತ್ತಾ ಕೂತಿದ್ದಳು. ನಾನು ಹಿಂದೆ ಮೇಜಿನ ಪಕ್ಕ ನಿಂತು ಅವಳನ್ನು ನೋಡುತ್ತಿದ್ದ ಹಾಗೆಯೇ.

ಆಮೇಲೆ ನೋಟ್‌ಬುಕ್ಕನ್ನು ನಾಲ್ಕನೇ ಪುಟಕ್ಕೆ ತೆರೆದಳು.

“ಒಂಬತ್ತು ಸರಿಯೋ ತಪ್ಪೋ ಇನ್ನೂ ಯಾರೂ ನೋಡಿಲ್ಲ,” ಎಂದಳು. “ನನಗೆ ಇನ್ನೊಂದು ಕಣ್ಣು ಬೇಕು. ನಿಮ್ಮದೇ ಆಗ್ಬೇಕು ಅಂತಿಲ್ಲ, ಆದ್ರೆ ಇಲ್ಲಿ ಬೇರೆ ಯಾರೂ ಇಲ್ಲ. ಕೂತ್ಕೋತೀರಾ?”

ಚಾಪೆಯ ಮೇಲೆ ಅವಳ ಪಕ್ಕಕ್ಕೆ ಸರಿದು ಕೂತೆ. ಅವಳು ಪೆನ್ಸಿಲ್ಲು ಹಿಡಿದು ಶುರುಮಾಡಿದಳು. ಎಂಟು ಕಾಳು, ಎಂಟು ವೇಗ. ಮೊದಲನೆಯದು ಮೇಲೆ ಬರುವಾಗ ಬಿಡುವುದು ಎಷ್ಟು, ಅದೇ ಹೊತ್ತಿನಲ್ಲಿ ಐದನೆಯದು ಇನ್ನೂ ಹೀರುತ್ತಿರುವುದು ಎಷ್ಟು, ಹಳೆಯ ಕಂಪ್ಯೂಟರು ಅದಕ್ಕೆ ಹಾಕಿದ ಮಿತಿ ಎಷ್ಟು, ಹೊಸದು ಆ ಮಿತಿಯನ್ನು ಗುಳ್ಳೆಗಾಗಿ ಎಷ್ಟು ಕೆಳಗಿಳಿಸಿತು. ಸಿಟ್ಟಿನಲ್ಲೋ ಅಭ್ಯಾಸದಲ್ಲೋ ಬೇಗ ಬೇಗ ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಾ ಹೋದೆ. ಒಂದು ಸಾಲು ಕೈತಪ್ಪಿತು. ಇನ್ನೊಂದು ಸಾಲು. ಪುಟದ ಕೊನೆ ಹತ್ತಿರವಾಗುತ್ತಿತ್ತು, ನನ್ನ ತಲೆ ಇನ್ನೂ ಆಡುತ್ತಲೇ ಇತ್ತು.

ಪುಟ ತಿರುವಲು ಹೋದ ಅವಳ ಕೈಯ ಮೇಲೆ ಕೈಯಿಟ್ಟೆ.

“ಆಗವೇ,” ಎಂದೆ. “ನನಗೆ ತಿಳೀಲಿಲ್ಲ.”